ದೇಶದ ಪರವಾಗಿ ಯಾರು ಹೋಗಬೇಕು? ಗೆಡ್ಸರ್ ಗಾಳಿಯಂತ್ರ ಹೇಳುವ ಚರಿತ್ರೆ

ಗದಗದ ಕಪ್ಪತಗುಡ್ಡದ ಕಡೆಗೋ ಚಿತ್ರದುರ್ಗದ ಜೋಗಿಮಟ್ಟಿ ಕಡೆಗೋ ಹೋದವರು ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ನಮ್ಮ ಕಡೆ ಅವನ್ನು ‘ಫ್ಯಾನು’ ಅಂತಲೇ ಕರೆಯುತ್ತಾರೆ. ಎಣಿಸಿದರೆ ಪ್ರತಿಯೊಂದಕ್ಕೂ ಮೂರೇ ರೆಕ್ಕೆ. ಈ ಮೂರು ರೆಕ್ಕೆಯ ಯಂತ್ರದ ವಂಶಾವಳಿ ಹುಡುಕಿಕೊಂಡು ಹೋದರೆ ಡೆನ್ಮಾರ್ಕ್ ದೇಶದ ಒಂದು ಕರೆಂಟ್ ಕಂಪನಿಗೆ, ಅಲ್ಲಿನ ಒಬ್ಬ ಎಂಜಿನಿಯರ್ ಹತ್ತಿರಕ್ಕೆ ಬಂದು ನಿಲ್ಲುತ್ತೇವೆ. ಹೆಸರು ಯೊಹಾನೆಸ್ ಯೂಲ್.

ಅವರ ಕಥೆ ಇವತ್ತಿಗೂ ಬೇಕಾಗಿರುವುದು ಒಂದು ಪ್ರಶ್ನೆಗಾಗಿ. ಹಲವು ದೇಶಗಳು ಕೂಡಿ ಶುದ್ಧ ಇಂಧನದ ಸಂಶೋಧನೆ ಮಾಡುವಾಗ, ಒಂದು ದೇಶ ತನ್ನ ಪರವಾಗಿ ಯಾರನ್ನು ಕಳಿಸಬೇಕು? ಸರ್ಕಾರಿ ಅಧಿಕಾರಿಯನ್ನೋ, ಪ್ರೊಫೆಸರನ್ನೋ, ಕಂಪನಿಯ ತಜ್ಞನನ್ನೋ? ಕಂಪನಿಯವನಿಗೆ ಕೆಲಸ ಗೊತ್ತಿರುತ್ತದೆ, ಆದರೆ ಅವನ ಕಂಪನಿಗೆ ತನ್ನದೇ ಲಾಭ-ನಷ್ಟವೂ ಇರುತ್ತದೆ. ಈ ಎರಡೂ ಮಾತು ನಿಜ ಅನ್ನುವುದಕ್ಕೆ ಯೂಲ್ ಅವರ ಯಂತ್ರವೇ ಸಾಕ್ಷಿ.

ಮೊದಲು ಯೂಲ್ ಎಲ್ಲಿಂದ ಬಂದವರು ನೋಡೋಣ. ಡೆನ್ಮಾರ್ಕಿನ ಆಸ್ಕೊವ್ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳು ಓದುತ್ತಿದ್ದ ಒಂದು ಜನಪದ ಶಾಲೆ ಇತ್ತು. ಅಲ್ಲಿನ ಮೇಷ್ಟ್ರು ಪೌಲ್ ಲಾ ಕೂರ್ 1891ರಲ್ಲಿ ಗಾಳಿಗಿರಣಿಯಿಂದ ಕರೆಂಟ್ ತೆಗೆಯುವ ಪ್ರಯೋಗ ಶುರು ಮಾಡಿದರು. ಗಾಳಿ ಬೀಸಿದಾಗ ಬಂದ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ಅದನ್ನು ಕೂಡಿಟ್ಟು ಶಾಲೆಯ ದೀಪ ಉರಿಸಿದರು. 1904ರಲ್ಲಿ ಹಳ್ಳಿ ಹುಡುಗರಿಗೆ ಎಲೆಕ್ಟ್ರಿಷಿಯನ್ ತರಬೇತಿಯನ್ನೂ ಆರಂಭಿಸಿದರು. ಅದರಲ್ಲಿ ಕಲಿತವರಲ್ಲಿ ಒಬ್ಬರು 17 ವರ್ಷದ ಯೂಲ್.

ಮುಂದೆ ಯೂಲ್ ಅವರು ಸೀಆಸ್ ಎಂಬ ಕರೆಂಟ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಇಂಧನಕ್ಕೆ ಬಂದ ಬರ ಆ ದೇಶ ಮರೆತಿರಲಿಲ್ಲ. 1947ರಲ್ಲಿ, ಬೇರೆಯವರು ನಿವೃತ್ತಿಯ ಯೋಚನೆ ಮಾಡುವ 60ನೇ ವಯಸ್ಸಿನಲ್ಲಿ, ಯೂಲ್ ಅವರು ಕಂಪನಿಯನ್ನು ಒಪ್ಪಿಸಿ ಗಾಳಿಯಂತ್ರದ ಪ್ರಯೋಗಕ್ಕೆ ಕೈಹಾಕಿದರು. ಮೊದಲು ಒಂದು ಸಣ್ಣ ಯಂತ್ರ, ಆಮೇಲೆ ಬೋಗೋ ದ್ವೀಪದಲ್ಲಿ ಇನ್ನೊಂದು, ಕೊನೆಗೆ 1957ರಲ್ಲಿ ಗೆಡ್ಸರ್ ಎಂಬಲ್ಲಿ ದೊಡ್ಡದು: 200 ಕಿಲೋವ್ಯಾಟ್ ಸಾಮರ್ಥ್ಯ, ರೆಕ್ಕೆಗಳು ಸುತ್ತುವ ವೃತ್ತದ ಅಗಲ 24 ಮೀಟರ್.

ಆ ಯಂತ್ರದಲ್ಲಿ ಲೈನಿನ ಕೆಲಸ ಬಲ್ಲವರ ಬುದ್ಧಿ ಕಾಣುತ್ತದೆ. ನಮ್ಮ ಬೋರ್‌ವೆಲ್ಲಿನ ಮೋಟರ್ ಗೊತ್ತಲ್ಲ, ಅದೇ ಜಾತಿಯ ಮೋಟರನ್ನು ಅದರ ಸಹಜ ವೇಗಕ್ಕಿಂತ ತುಸು ಜೋರಾಗಿ ತಿರುಗಿಸಿದರೆ ಅದು ಕರೆಂಟ್ ತಿನ್ನುವುದು ಬಿಟ್ಟು ಲೈನಿಗೇ ಕರೆಂಟ್ ಕೊಡುತ್ತದೆ. ಯೂಲ್ ಅವರು ಗಾಳಿಯ ಬಲದಿಂದ ಮಾಡಿಸಿದ್ದು ಅದನ್ನೇ. ರೆಕ್ಕೆಗಳ ಕೋನವನ್ನು ಬದಲಿಸುವ ನಾಜೂಕು ಯಂತ್ರಾಂಗ ಇಡಲಿಲ್ಲ. ಗಾಳಿ ಅತಿಯಾದಾಗ ರೆಕ್ಕೆಯ ಆಕಾರದಿಂದಲೇ ಎಳೆತ ಕಡಿಮೆಯಾಗುವಂತೆ ಮಾಡಿದರು. ಲೈನ್ ಹೋಗಿ ಯಂತ್ರ ಹುಚ್ಚು ವೇಗಕ್ಕೆ ಬಿದ್ದರೆ ರೆಕ್ಕೆಗಳ ತುದಿ ತಾನಾಗಿ ತಿರುಗಿ ಬ್ರೇಕ್ ಆಗುತ್ತಿತ್ತು. ಕೆಟ್ಟರೆ ರಾತ್ರಿ ಎದ್ದು ಹೋಗಬೇಕಾದವನಿಗೆ ಮಾತ್ರ ಇಷ್ಟು ಸರಳವಾಗಿ ಯೋಚಿಸಲು ಬರುತ್ತದೆ.

ಅದೇ ಹೊತ್ತಿಗೆ ಯುರೋಪಿನ ದೇಶಗಳು ಗಾಳಿ ವಿದ್ಯುತ್ತಿನ ಬಗ್ಗೆ ಒಟ್ಟಿಗೆ ಕುಳಿತು ಮಾತಾಡತೊಡಗಿದ್ದವು. ಡೆನ್ಮಾರ್ಕಿನ ಪರವಾಗಿ ಆ ಮಾತುಕತೆಗಳಲ್ಲಿ ಯೂಲ್ ಅವರೂ ಭಾಗವಹಿಸಿದರು. 1961ರ ಆಗಸ್ಟಿನಲ್ಲಿ ವಿಶ್ವಸಂಸ್ಥೆ ರೋಮ್ ನಗರದಲ್ಲಿ ಹೊಸ ಇಂಧನ ಮೂಲಗಳ ಸಮ್ಮೇಳನ ನಡೆಸಿತು. ಅಲ್ಲಿ ಯೂಲ್ ತಮ್ಮ ಯಂತ್ರದ ವಿನ್ಯಾಸ, ಓಡಿಸುವ ಖರ್ಚು ಎರಡನ್ನೂ ಬರಹದಲ್ಲಿ ಮಂಡಿಸಿದರು. ಆಗ ಗೆಡ್ಸರ್ ಯಂತ್ರ ಲೈನಿಗೆ ಕರೆಂಟ್ ಕೊಡುತ್ತಲೇ ಇತ್ತು. ಓಡುತ್ತಿರುವ ಯಂತ್ರದ ಲೆಕ್ಕ ಕೈಯಲ್ಲಿ ಹಿಡಿದು ಬಂದ ಪ್ರತಿನಿಧಿ ಅವರು.

ಇಲ್ಲಿವರೆಗೆ ಕೇಳಿದರೆ ಕಂಪನಿಯ ತಜ್ಞನನ್ನು ಕಳಿಸುವುದೇ ಸರಿ ಅನ್ನಿಸುತ್ತದೆ. ಇನ್ನೊಂದು ಮುಖವೂ ಇದೆ.

ಗೆಡ್ಸರ್ ಯಂತ್ರದ ಭವಿಷ್ಯ ತೀರ್ಮಾನಿಸಬೇಕಾಗಿದ್ದ ಗಾಳಿ ವಿದ್ಯುತ್ ಸಮಿತಿಯನ್ನು ರಚಿಸಿದ್ದು ಡೆನ್ಮಾರ್ಕಿನ ಕರೆಂಟ್ ಕಂಪನಿಗಳ ಸಂಘವೇ. ಆ ಕಂಪನಿಗಳು ಇದ್ದದ್ದೇ ಕಲ್ಲಿದ್ದಲು, ಎಣ್ಣೆಯ ದೊಡ್ಡ ಸ್ಥಾವರಗಳ ಮೇಲೆ. ಆಗ ಎಣ್ಣೆ ಅಗ್ಗ. 1962ರಲ್ಲಿ ಸಮಿತಿ ವರದಿ ಕೊಟ್ಟಿತು: ಯಂತ್ರವೇನೋ ಚೆನ್ನಾಗಿದೆ, ಆದರೆ ಗಾಳಿಯ ಕರೆಂಟ್ ದುಬಾರಿ. ಅಂದಿನ ಎಣ್ಣೆಯ ಬೆಲೆಯಲ್ಲಿ ಆ ಲೆಕ್ಕ ಸುಳ್ಳಾಗಿರಲಿಲ್ಲ. ಆದರೆ ನಾಳೆ ಎಣ್ಣೆ ಸಿಗದಿದ್ದರೆ ಏನು ಗತಿ ಅನ್ನುವುದು ಆ ಲೆಕ್ಕದೊಳಗೆ ಬರಲಿಲ್ಲ. ಅದು ಕಂಪನಿಯ ಚಿಂತೆಯಲ್ಲ, ದೇಶದ ಚಿಂತೆ. ಆ ಮೇಜಿನ ಸುತ್ತ ಕಂಪನಿಯ ಲೆಕ್ಕವೇ ಮೇಲಾಯಿತು.

ಯಂತ್ರ 1967ರವರೆಗೆ ಓಡಿ ನಿಂತಿತು. ಅಷ್ಟರಲ್ಲಿ ಅದು ಕೊಟ್ಟ ಕರೆಂಟ್ 20 ಲಕ್ಷ ಯೂನಿಟ್ಟಿಗೂ ಹೆಚ್ಚು. ರಿಪೇರಿ ಮಾಡಿ ಮತ್ತೆ ಓಡಿಸುವ ಉಮೇದು ಯಾರಿಗೂ ಇರಲಿಲ್ಲ. 1969ರಲ್ಲಿ ಯೂಲ್ ತೀರಿಕೊಂಡರು.

ನಾಲ್ಕೇ ವರ್ಷಕ್ಕೆ, 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು. ಡೆನ್ಮಾರ್ಕಿನ ಇಂಧನದಲ್ಲಿ ಹೆಚ್ಚುಕಡಿಮೆ 90% ಹೊರಗಿನಿಂದ ತರಿಸುವ ಎಣ್ಣೆಯೇ ಆಗಿತ್ತು. 1974ರಲ್ಲಿ ಶ್ರೀಮಂತ ದೇಶಗಳು ಸೇರಿ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಕಟ್ಟಿಕೊಂಡವು. ಅದರಡಿ 1977ರಲ್ಲಿ ಗಾಳಿ ವಿದ್ಯುತ್ತಿನ ಜಂಟಿ ಸಂಶೋಧನೆಗೂ ಒಪ್ಪಂದವಾಯಿತು.

ಆಗ ಅಮೆರಿಕ ಈ ಕೆಲಸವನ್ನು ನಾಸಾಕ್ಕೆ, ಬೋಯಿಂಗ್, ಜನರಲ್ ಎಲೆಕ್ಟ್ರಿಕ್‌ನಂಥ ಕಂಪನಿಗಳಿಗೆ ಒಪ್ಪಿಸಿತ್ತು. ಜರ್ಮನಿ 3 ಮೆಗಾವ್ಯಾಟಿನ ‘ಗ್ರೋವಿಯನ್’ ಎಂಬ ದೈತ್ಯನನ್ನು 1983ರಲ್ಲಿ ನಿಲ್ಲಿಸಿತು. ಅದು ಒಟ್ಟು 500 ಗಂಟೆಯೂ ಓಡದೆ ಮೂಲೆ ಸೇರಿತು. ಅವರೂ ಉದ್ಯಮದ ತಜ್ಞರೇ, ದೊಡ್ಡ ತಜ್ಞರೇ. ಆದರೆ ಇಪ್ಪತ್ತು ವರ್ಷ ಮಳೆಗಾಳಿಯಲ್ಲಿ ನಿಂತು ಓಡಬೇಕಾದ ಯಂತ್ರದ ಅನುಭವ ಅವರಿಗೆ ಇರಲಿಲ್ಲ. ಹತ್ತು ವರ್ಷ ನಿಂತೇ ಇದ್ದ ಗೆಡ್ಸರ್ ಯಂತ್ರವನ್ನು ಅಮೆರಿಕವೂ ಡೆನ್ಮಾರ್ಕೂ ಸೇರಿ ರಿಪೇರಿ ಮಾಡಿಸಿ, 1977ರಿಂದ 1979ರವರೆಗೆ ಮತ್ತೆ ಅಳತೆ ಹಿಡಿಯಲು ಹೊರಟಿದ್ದರ ಅರ್ಥ ಇದೇ.

ಡೆನ್ಮಾರ್ಕಿನ ಹಳ್ಳಿಗಳೂ ಸುಮ್ಮನೆ ಕೂರಲಿಲ್ಲ. ಕ್ರಿಸ್ಟಿಯನ್ ರಿಸಾಗರ್ ಎಂಬ ಬಡಗಿ ಯೂಲ್ ಅವರ ದಾರಿ ಹಿಡಿದು ಮನೆಯ ಹಿತ್ತಲಲ್ಲೇ ಗಾಳಿಯಂತ್ರ ಮಾಡಿದರು. ಕಮ್ಮಾರಸಾಲೆಯಿಂದ ಬೆಳೆದ ವೆಸ್ಟಾಸ್ 1979ರಲ್ಲಿ ಗಾಳಿಯಂತ್ರ ಮಾರತೊಡಗಿತು. ನೀರಾವರಿ ಸಲಕರಣೆ ಮಾಡುತ್ತಿದ್ದ ಇನ್ನೊಂದು ಕಂಪನಿ 1980ರಲ್ಲಿ ಈ ಕಸುಬಿಗೆ ಬಂತು. ಈ ಸಲ ಸರ್ಕಾರ ಒಂದು ಜಾಣತನ ಮಾಡಿತು. 1978ರಲ್ಲಿ ರಿಸೋ ಎಂಬಲ್ಲಿನ ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಾ ಕೇಂದ್ರ ತೆರೆಯಿತು. ಅಲ್ಲಿ ಪಾಸಾದ ಯಂತ್ರಕ್ಕೆ ಮಾತ್ರ ಸಬ್ಸಿಡಿ. ಯಂತ್ರ ಮಾಡುವವರು ಕಂಪನಿಯವರು, ಅದು ಹೇಗಿದೆ ಎಂದು ಹೇಳುವವರು ಬೇರೆಯವರು.

ಇವತ್ತೂ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಜಂಟಿ ಸಂಶೋಧನೆಗಳಲ್ಲಿ ಒಂದು ಸರ್ಕಾರ ತಾನೇ ಸಹಿ ಹಾಕಬಹುದು, ಇಲ್ಲವೇ ಒಂದು ಇಲಾಖೆ, ಸಂಶೋಧನಾಲಯ ಅಥವಾ ಕಂಪನಿಯನ್ನು ತನ್ನ ಪರವಾಗಿ ನೇಮಿಸಬಹುದು. ಹಾಗೆ ನೇಮಕವಾದವರ ಪ್ರತಿನಿಧಿ ಕಾರ್ಯಕಾರಿ ಸಮಿತಿಯಲ್ಲಿ ಕೂರುತ್ತಾರೆ. ಭಾರತ 2017ರಿಂದ ಈ ಸಂಸ್ಥೆಯ ಸಹವರ್ತಿ ದೇಶ. ಅಂದರೆ ಯಾರನ್ನು ಕಳಿಸಬೇಕು ಅನ್ನುವ ಪ್ರಶ್ನೆ ನಮ್ಮ ಮುಂದೆಯೂ ಇದೆ.

ಗೆಡ್ಸರ್ ಕಲಿಸಿದ ಪಾಠ ನೇರವಾಗಿದೆ. ಯಂತ್ರ ಓಡಿಸಿದವರನ್ನು ಕಳಿಸಿ, ದೊಡ್ಡ ಹೆಸರು ನೋಡಿ ಕಳಿಸಬೇಡಿ. ಅವರು ಅಲ್ಲಿ ಏನು ಹೇಳಿದರು, ಏನು ಕಲಿತು ಬಂದರು ಅನ್ನುವುದು ಎಲ್ಲರಿಗೂ ಓದಲು ಸಿಗಲಿ. ಯೂಲ್ ಬರೆದಿಟ್ಟಿದ್ದರಿಂದಲೇ ಅವರು ಹೋದ ಮೇಲೂ ಕೆಲಸ ಉಳಿಯಿತು. ಆದರೆ ಬೇಕೋ ಬೇಡವೋ ಅನ್ನುವ ಕೊನೆಯ ತೀರ್ಮಾನವನ್ನು ಅವರ ಕಂಪನಿಯ ಕೈಗೆ ಕೊಡಬೇಡಿ. ಆ ಕುರ್ಚಿಯಲ್ಲಿ ದೇಶದ ಪರ, ಕರೆಂಟ್ ಬಿಲ್ ಕಟ್ಟುವವರ ಪರ ಲೆಕ್ಕ ಹಾಕುವವರು ಇರಬೇಕು.

ಡೆನ್ಮಾರ್ಕ್ ಇದನ್ನು ಕಲಿಯಲು ಹದಿನೈದು ವರ್ಷ ಕಳೆದುಕೊಂಡಿತು.