ಸೈಕಲ್ಲಿನ ಮೇಲೆ ಮೈ ಹೊಂದಿದ ಕಥೆ

ವಿಜಯಪುರ ಸೀಮೆಯಿಂದ ಮುಂಬಯಿಗೆ ಬಂದ ನನ್ನಂಥವರಿಗೆ ಸೈಕಲ್ಲೆಂದರೆ ಮೊದಲು ನೆನಪಾಗುವುದು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು. ಸೀಟು ಎಟುಕದೆ, ಚೌಕಟ್ಟಿನ ನಡುವೆ ಕಾಲು ತೂರಿಸಿ ತುಳಿಯುತ್ತಿದ್ದೆವು. ಸೈಕಲ್ಲಿಗೆ ನಾವು ಹೊಂದಿಕೊಳ್ಳುತ್ತಿದ್ದೆವೇ ಹೊರತು ಅದು ನಮಗೆ ಹೊಂದುತ್ತಿರಲಿಲ್ಲ.

ಈಚೆಗೆ ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗ, ಕೂಡಿಟ್ಟ ಹಣವನ್ನೆಲ್ಲ ಹಾಕಿ, ಒಬ್ಬರು ಬಳಸಿದ್ದ ಟೈಮ್ ಟ್ರಯಲ್ ಸೈಕಲ್ಲು ಕೊಂಡ. ತಿಂಗಳೊಳಗೆ ಕುತ್ತಿಗೆ ಹಿಡಿಯಿತು, ಕೈ ಜೋಮು ಹಿಡಿಯಿತು. "ಮಾಮಾ, ಮಾರಿಬಿಡ್ತೀನಿ ನೋಡ್ರಿ" ಎಂದ. ಅಂದು ಅವನಿಗೆ ಹೇಳಿದ ಇತಿಹಾಸವೇ ಈ ಲೇಖನ.

ಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ ಅಂತರವಿಟ್ಟು ಬಿಟ್ಟು, ಗಡಿಯಾರ ನೋಡಿ ಗೆದ್ದವರನ್ನು ಆರಿಸುವ ಪಂದ್ಯವೇ ಟೈಮ್ ಟ್ರಯಲ್. ಇಂಗ್ಲೆಂಡಿನಲ್ಲಿ ಗುಂಪಾಗಿ ನಡೆಯುತ್ತಿದ್ದ ರಸ್ತೆ ಪಂದ್ಯಗಳಿಗೆ ವಿರೋಧ ಬಂದಾಗ, 1895ರಲ್ಲಿ ಎಫ್. ಟಿ. ಬಿಡ್ಲೇಕ್ ಎಂಬವರು 50 ಮೈಲಿಯ ಇಂಥ ಸ್ಪರ್ಧೆ ನಡೆಸಿದರು. ಮುಂದೆ ಇನ್ನೊಬ್ಬನ ಮರೆಯಿಲ್ಲದ ಕಾರಣ ಇಲ್ಲಿ ಗಾಳಿಯೇ ಮುಖ್ಯ ಎದುರಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು. ಆ ತಡೆಯ ಬಹುಪಾಲು ಸವಾರನ ಮೈಯದೇ, ಸೈಕಲ್ಲಿನದಲ್ಲ.

ಇದನ್ನು ಲೋಕಕ್ಕೆ ತೋರಿಸಿದ ದಿನ 1989ರ ಜುಲೈ 23. ಟೂರ್ ದ ಫ್ರಾನ್ಸ್‌ನ ಕೊನೆಯ ದಿನ, ವರ್ಸೈಯಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದರು. ಸ್ಕೀ ತರಬೇತುದಾರ ಬೂನ್ ಲೆನನ್ ರೂಪಿಸಿದ, ಮುಂದಕ್ಕೆ ಚಾಚಿದ ಹ್ಯಾಂಡಲ್ಲಿನ ಮೇಲೆ ಮೊಣಕೈ ಊರಿ, ಬೆನ್ನು ಬಾಗಿಸಿ ತುಳಿದರು. ಸಾಮಾನ್ಯ ಹ್ಯಾಂಡಲ್ ಹಿಡಿದ ಲೊರಾಂ ಫಿನ್ಯೋನ್ ಇಡೀ ಟೂರನ್ನು 8 ಸೆಕೆಂಡಿನಿಂದ ಸೋತರು!

ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ಇನ್ನೂ ಮುಂದೆ ಹೋದರು. ವಾಷಿಂಗ್ ಮಷೀನಿನ ಬೇರಿಂಗ್ ಹಾಕಿ ಸೈಕಲ್ಲನ್ನು ತಾವೇ ಕಟ್ಟಿ, ತೋಳುಗಳನ್ನು ಎದೆಯಡಿ ಮಡಚಿ, 1993ರಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಗಂಟೆಗೆ 51.596 ಕಿ.ಮೀ. ದಾಖಲೆ ಮಾಡಿದರು. ಮರುವರ್ಷವೇ ಅಂತಾರಾಷ್ಟ್ರೀಯ ಒಕ್ಕೂಟ ಆ ಭಂಗಿಯನ್ನು ನಿಷೇಧಿಸಿತು.

ಇವರಿಂದ ಕಲಿಯಬೇಕಾದ್ದು ಬರೀ ಬಾಗುವುದನ್ನಲ್ಲ. ಅತಿಯಾಗಿ ಬಾಗಿದರೆ ತೊಡೆ ಹೊಟ್ಟೆಗೆ ತಾಗಿ ಉಸಿರು ಕಟ್ಟುತ್ತದೆ. ಆದ್ದರಿಂದಲೇ ಟೈಮ್ ಟ್ರಯಲ್ ಸೈಕಲ್ಲಿನಲ್ಲಿ ಸೀಟು ಮುಂದಿರುತ್ತದೆ: ಮೈ ಪೂರ್ತಿ ಮುಂದಕ್ಕೆ ತಿರುಗಿದಂತಾಗಿ, ಸೊಂಟದ ಕೋನ ತೆರೆದೇ ಉಳಿಯುತ್ತದೆ. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಭಾರ ಅಂಗೈ ಮೇಲಲ್ಲ, ಮೊಣಕೈಯಡಿಯ ಮೆತ್ತೆಯ ಮೇಲೆ ಬೀಳಬೇಕು. ಹಿಡಿದು ಕೂರಲಾಗದ ಭಂಗಿ ಎಷ್ಟು ತಗ್ಗಿದ್ದರೂ ವ್ಯರ್ಥ. ತಲೆ ಎತ್ತಿದ ಕ್ಷಣವೇ ಗಾಳಿ ತನ್ನ ಬಡ್ಡಿ ವಸೂಲು ಮಾಡುತ್ತದೆ.

ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತರ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದಾರೆ. ಬೆಲೆಬಾಳುವ ಸೈಕಲ್ಲು ಎಲ್ಲರಿಗೂ ದಕ್ಕದು. ಆದರೆ ಇದ್ದ ಸೈಕಲ್ಲನ್ನು ಮೈಗೆ ಹೊಂದಿಸಲು ಒಂದು ಪಾನಾ, ಒಂದು ಅಳತೆ ಪಟ್ಟಿ, ಸ್ವಲ್ಪ ತಾಳ್ಮೆ ಸಾಕು.

ಅಳಿಯನೂ ನಾನೂ ಮೆತ್ತೆಗಳನ್ನು ಎರಡು ಬೆರಳು ಎತ್ತರಿಸಿ, ಸೀಟನ್ನು ಮುಂದೆ ಸರಿಸಿದೆವು. ಮೊಣಕೈ ಊರಿದಾಗ ಬ್ರೇಕು ಕೈಗೆ ದೂರ; ಆದ್ದರಿಂದ ವಾಹನಗಳ ನಡುವೆ ಆ ಭಂಗಿ ಬೇಡವೆಂದು ತಾಕೀತನ್ನೂ ಮಾಡಿದೆ. ಸೈಕಲ್ಲು ಇನ್ನೂ ಮನೆಯಲ್ಲಿದೆ. ಮಾರುವ ಮಾತು ನಿಂತಿದೆ.