ಒಂದುಗಳ ಹಾರ ಮತ್ತು ಒಡೆಯದ ಸಂಖ್ಯೆ

ಕನ್ನಡವೆಂದರೆ ಹಾಡು, ಕಥೆ, ನಾಟಕ. ಲೆಕ್ಕಕ್ಕೆ ಮಾತ್ರ ಬೇರೆ ಭಾಷೆಯೇ ಬೇಕು ಎಂಬ ಮಾತನ್ನು ಗಡಿಯಾಚೆಯ ಕನ್ನಡ ಅಧ್ಯಾಪಕರಾದ ನಾವು ಪೋಷಕರಿಂದ ಆಗಾಗ ಕೇಳುತ್ತೇವೆ. ಅದಕ್ಕೆ ಉತ್ತರವಾಗಿ ಇತಿಹಾಸದ ಒಂದು ಪುಟವನ್ನು ನೋಡೋಣ.

ನಮ್ಮ ವಯನಾಡಿನ ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ ಇಲ್ಲಿನ ಮಕ್ಕಳಿಗೆ ಗೊತ್ತು. ಕರ್ನಾಟಕದಿಂದ ಬಂದು ಈ ಜಿಲ್ಲೆಯಲ್ಲಿ ನೆಲೆಸಿದ ಜೈನರನ್ನು ಅದು ನೆನಪಿಸುತ್ತದೆ. ಅದೇ ಜೈನ ಪರಂಪರೆಯವರು ಗಣಿತಜ್ಞ ಮಹಾವೀರಾಚಾರ್ಯರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಅವರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದರು.

ಅದರ ಗುಣಾಕಾರದ ಭಾಗದಲ್ಲಿ ಒಂದು ಸೊಗಸಾದ ಲೆಕ್ಕವಿದೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ, ಎಂಟು ಒಂದುಗಳ ಸಾಲು! ಇಂಥ ಉತ್ತರಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಈ ಹಾರವನ್ನು ಪೂರ್ತಿ ಬಿಡಿಸಿದರೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ. ಹಾಗಾದರೆ ಬಿಡಿಸಲಾಗದ ಹಾರ ಇದೆಯೇ? ಇದೆ. 11 ಅವಿಭಾಜ್ಯ. ಆಮೇಲೆ 19 ಒಂದುಗಳವರೆಗೆ ಹೋಗಬೇಕು, ನಂತರ 23. ಇವೆರಡೂ ಅವಿಭಾಜ್ಯವೆಂದು ಕಂಪ್ಯೂಟರ್ ಬರುವ ಮೊದಲೇ ಸಾಧಿಸಲಾಗಿತ್ತು. 317 ಒಂದುಗಳ ಸಂಖ್ಯೆ 1977ರಲ್ಲಿ, 1031 ಒಂದುಗಳದ್ದು 1986ರಲ್ಲಿ, 49081 ಒಂದುಗಳದ್ದು 2022ರಲ್ಲಿ ಅವಿಭಾಜ್ಯವೆಂದು ಸಿದ್ಧವಾದವು.

ಇದರಲ್ಲಿ ಒಂದು ನಿಯಮವಿದೆ. ಎಂಟನ್ನು ನಾಲ್ಕು ನಾಲ್ಕಾಗಿ ಪಾಲು ಮಾಡಬಹುದು. ಆದ್ದರಿಂದ 11111111 ಎಂದರೆ 1111 × 10001. ಹೀಗೆ ಒಂದುಗಳ ಎಣಿಕೆಯನ್ನು ಸಮಪಾಲು ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಒಡೆಯದಿರಬೇಕಾದರೆ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಅಷ್ಟೇ ಸಾಲದು: ಐದು ಅವಿಭಾಜ್ಯವಾದರೂ 11111 ಎಂಬುದು 41 × 271. ಒಡೆಯದ ಹಾರಗಳು ಅನಂತವೇ ಎಂಬ ಪ್ರಶ್ನೆಗೆ ಜಗತ್ತಿನ ಯಾವ ಗಣಿತಜ್ಞರೂ ಇನ್ನೂ ಉತ್ತರ ಕಂಡಿಲ್ಲ.

ಮಹಾವೀರಾಚಾರ್ಯರ ಕೃತಿ ನಮ್ಮ ಕೈಗೆ ಬಂದದ್ದು ಹೇಗೆ? 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅದಕ್ಕೆ ಆಧಾರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಒಂದು ಮೂಡುಬಿದಿರೆಯ ಜೈನ ಮಠದ್ದು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು. ಲೆಕ್ಕ ಸಂಸ್ಕೃತದ್ದಾದರೂ ಅದನ್ನು ಉಳಿಸಿಕೊಟ್ಟವುಗಳಲ್ಲಿ ನಮ್ಮ ಅಕ್ಷರಗಳೂ ಇವೆ. ನಮ್ಮ ಮಕ್ಕಳು ಅದೇ ಅಕ್ಷರಗಳಲ್ಲಿ ಗಣಿತ ಕಲಿತರೆ ಅದರಲ್ಲಿ ಹೊಸತೇನೂ ಇಲ್ಲ, ಕೊರತೆಯೂ ಇಲ್ಲ.

ಮಕ್ಕಳೇ, ನಿಮಗೊಂದು ಲೆಕ್ಕ: ಏಳು ಒಂದುಗಳ ಹಾರ ಒಡೆಯುತ್ತದೆಯೇ? 239ರಿಂದ ಭಾಗಿಸಿ ನೋಡಿ.