ಫೆರಾರಿ ಎಂದರೆ ಕಮ್ಮಾರ, ಎಸ್ಪೊಸಿತೊ ಎಂದರೆ? ಇಟಲಿಯ ಮನೆತನದ ಹೆಸರುಗಳ ಕಥೆ

ಫೆರಾರಿ ಅಂದಕೂಡಲೇ ಕೆಂಪು ಕಾರು ನೆನಪಾಗುತ್ತದೆ. ಆದರೆ ಇಟಲಿಯಲ್ಲಿ ಅದು ಕಮ್ಮಾರರ ಮನೆತನದ ಹೆಸರು. ಲ್ಯಾಟಿನ್‌ನಲ್ಲಿ ಕಬ್ಬಿಣಕ್ಕೆ 'ಫೆರುಮ್' ಎನ್ನುತ್ತಾರೆ. ಇದೇ ಮೂಲದ ಹೆಸರು ದಕ್ಷಿಣದಲ್ಲಿ ಫೆರಾರೊ, ವಾಯವ್ಯದ ಪಿಯೆಡ್ಮಾಂಟ್‌ನಲ್ಲಿ ಫೆರೆರೊ. ಹೌದು, ಚಾಕೊಲೇಟ್ ಕಂಪನಿಯ ಹೆಸರೂ ಇದೇ!

ಕೆಂಗೂದಲಿನವರಿಗೆ ಬಂದ ರೊಸ್ಸಿ ದಕ್ಷಿಣಕ್ಕೆ ಹೋದರೆ ರುಸ್ಸೊ. ವೆನಿಸ್ ಸುತ್ತಮುತ್ತ ಕೊನೆಯ ಸ್ವರವೇ ಬಿದ್ದುಹೋಗುತ್ತದೆ. ಟ್ರೆವಿಸೊ ಊರಿನವರು ಟ್ರೆವಿಸಾನ್. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆ ಚರ್ಚುಗಳಲ್ಲಿ ದಾಖಲೆ ಪುಸ್ತಕ ಇಡುವಂತೆ ವಿಧಿಸಿದ ಮೇಲೆ ಹೆಸರುಗಳು ಗಟ್ಟಿಯಾದವು. ಕಾಗುಣಿತ ಮಾತ್ರ ಪಾದ್ರಿಯ ಕಿವಿಗೆ ಬಿದ್ದಂತೆ.

ಮನ ಕಲಕುವುದು ಎಸ್ಪೊಸಿತೊ. 'ಹೊರಗೆ ಇಟ್ಟದ್ದು' ಎಂದು ಅರ್ಥ. ನೇಪಲ್ಸ್‌ನ ಅನ್ನುನ್ಸಿಯಾಟಾ ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯೊಂದಿತ್ತು. ಸಾಕಲಾಗದ ತಾಯಂದಿರು ಮಗುವನ್ನು ಅದರಲ್ಲಿಟ್ಟು, ಮುಖ ತೋರಿಸದೆ ಹೊರಟುಹೋಗುತ್ತಿದ್ದರು. ಮಗುವಿಗೆ ಸಿಗುತ್ತಿದ್ದ ಹೆಸರು ಎಸ್ಪೊಸಿತೊ. ಅಂದರೆ ಹುಟ್ಟಿನ ಕಳಂಕ ಬದುಕಿಡೀ ಸಹಿಯಲ್ಲೇ ಇರುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಈ ಹೆಸರಿಡುವುದನ್ನು ನಿಷೇಧಿಸಲಾಯಿತು, 1875ರಲ್ಲಿ ಪೆಟ್ಟಿಗೆಯೂ ಮುಚ್ಚಿತು. ಫ್ಲಾರೆನ್ಸ್‌ನ ಇನೊಚೆಂಟಿ, ರೋಮ್‌ನ ಪ್ರೊಯೆಟ್ಟಿ ಹೆಸರುಗಳದ್ದೂ ಇದೇ ಕಥೆ. ಇಂದು ನೇಪಲ್ಸ್‌ನಲ್ಲಿ ಎಸ್ಪೊಸಿತೊ ತೀರಾ ಮಾಮೂಲಿ ಹೆಸರು, ಯಾರೂ ಹುಬ್ಬೇರಿಸುವುದಿಲ್ಲ.

ಸರ್ಕಾರವೇ ಹೆಸರು ತಿದ್ದಿದ್ದೂ ಉಂಟು. ಮುಸೊಲಿನಿ ಕಾಲದಲ್ಲಿ ಟ್ರಿಯೆಸ್ಟ್ ಭಾಗದ ಸ್ಲಾವ್ ಮನೆತನಗಳಿಗೆ ಇಟಾಲಿಯನ್ ಹೆಸರು ಹೇರಲಾಯಿತು. ವೊದೊಪಿವೆಟ್ಸ್ ಹೋಗಿ ಬೆವಿಲಾಕ್ವಾ ಬಂತು. ಎರಡರ ಅರ್ಥವೂ 'ನೀರು ಕುಡಿಯುವವ'!

ಅಮೆರಿಕದ ಎಲ್ಲಿಸ್ ದ್ವೀಪದ ಅಧಿಕಾರಿಗಳು ವಲಸಿಗರ ಹೆಸರು ಕೆಡಿಸಿದರೆಂಬ ಮಾತು ಜನಪ್ರಿಯ, ಆದರೆ ಸರಿಯಲ್ಲ. ಹಡಗು ಕಂಪನಿಗಳು ಮೊದಲೇ ಬರೆದು ತಂದ ಪಟ್ಟಿಯನ್ನು ಅವರು ತಾಳೆ ನೋಡುತ್ತಿದ್ದರು. ಬದಲಾವಣೆ ಆದದ್ದು ಬಹುತೇಕ ನಂತರ, ಶಾಲೆ ಮತ್ತು ಕೆಲಸದ ಜಾಗಗಳಲ್ಲಿ, ಎಷ್ಟೋ ಸಲ ವಲಸಿಗರ ಇಷ್ಟದಂತೆಯೇ. ಬ್ರೆಜಿಲ್‌ನಲ್ಲಿ ಒತ್ತಕ್ಷರವೇ ಮಾಯವಾಗಿ ಪೆಲ್ಲೆಗ್ರಿನಿ ಪೆಲೆಗ್ರಿನಿ ಆಯಿತು.

ಮುತ್ತಜ್ಜನ ಕಾಲದ ಈ ಒಂದು ಅಕ್ಷರ, ವಂಶದ ಆಧಾರದಲ್ಲಿ ಇಟಲಿ ಪೌರತ್ವ ಕೇಳುವವರ ಅರ್ಜಿಗೆ ತೊಡಕಾಗುತ್ತದೆ. ದಾಖಲೆಗಳಲ್ಲಿರುವುದು ಒಬ್ಬನೇ ವ್ಯಕ್ತಿ ಎಂದು ಸಾಬೀತುಪಡಿಸಬೇಕು. 2025ರಲ್ಲಿ ಇಟಲಿ ಈ ನಿಯಮವನ್ನು ಬಿಗಿಗೊಳಿಸಿದ್ದು, ಹೊಸ ಅರ್ಜಿದಾರರಿಗೆ ಸಾಮಾನ್ಯವಾಗಿ ಅಪ್ಪ-ಅಮ್ಮ ಅಥವಾ ಅಜ್ಜ-ಅಜ್ಜಿಯ ತಲೆಮಾರಿನವರೆಗೆ ಮಾತ್ರ ಅವಕಾಶವಿದೆ.